ತಪಾಸಣೆ ಆಯಿತು, ಆಮೇಲೆ?

(ಉಪನ್ಯಾಸದ ಬರಹರೂಪ)

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಬರಿಹೊಟ್ಟೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಉಂಟು. ಇಲ್ಲಿ ಕುಳಿತವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮೊದಲೇ ಮರದ ಬುಡಕ್ಕೆ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕೆಂಬುದು ಕಟ್ಟಳೆ. ಕಷಾಯ ಮಹಾ ಕಹಿ. ಮಕ್ಕಳಿಗೆ ಆಮೇಲಿನ ಮೆಂತೆ ಗಂಜಿಯ ಆಸೆ ತೋರಿಸಿ ಕುಡಿಸಬೇಕು. ಕುಡಿಯುವವರಲ್ಲಿ ಯಾರಿಗೂ ಆ ದಿನ ಜ್ವರವಿಲ್ಲ, ಹೊಟ್ಟೆನೋವಿಲ್ಲ. ಮುಂದೆ ಬರಬಹುದಾದ ಕಾಯಿಲೆಗೆ ಇಂದೇ ಮದ್ದು.

ಆದ್ದರಿಂದ, ಹಳ್ಳಿಯ ಹೆಂಗಸರಿಗೆ ಕಾಯಿಲೆ ಬರುವ ಮುಂಚೆ ಎಚ್ಚರ ವಹಿಸುವ ಅಭ್ಯಾಸವೇ ಇಲ್ಲ ಎಂದು ಪೇಟೆಯ ಸಭೆಗಳಲ್ಲಿ ಕೇಳಿಬರುವ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವಂತಿಲ್ಲ. ಅಭ್ಯಾಸ ಇದೆ. ಶಾಲೆಯಲ್ಲೋ ಪಂಚಾಯತ್ ಸಭಾಭವನದಲ್ಲೋ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಶಿಬಿರ ಇದ್ದರೆ, ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆದರೆ, ಸಂಕೋಚಪಡುತ್ತಲಾದರೂ ಬರುವವರಿದ್ದಾರೆ. ಆದರೆ ಕಷಾಯಕ್ಕೂ ತಪಾಸಣೆಗೂ ಒಂದು ವ್ಯತ್ಯಾಸವುಂಟು. ಕಷಾಯ ಕುಡಿದರೆ ಕೆಲಸ ಮುಗಿಯಿತು. ತಪಾಸಣೆಯಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಕೈಗೆ ಒಂದು ಚೀಟಿ ಬರುತ್ತದೆ. ಇಂಥ ದಿನ ದೊಡ್ಡ ಆಸ್ಪತ್ರೆಗೆ ಬರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಆ ಚೀಟಿಗೂ ಆ ಆಸ್ಪತ್ರೆಗೂ ನಡುವೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನೆಲದ ಮೇಲೆ ನಿಂತು ಅದನ್ನು ನೋಡಬೇಕಾಗಿದೆ.

ಮೊದಲು ಕಾಯಿಲೆಯ ಸ್ವಭಾವ. ಗರ್ಭಕೋಶದ ಕೆಳತುದಿಯ ಕಿರಿದಾದ ಭಾಗಕ್ಕೆ ಗರ್ಭಕಂಠ, ಗರ್ಭಕೋಶದ ಕೊರಳು ಎಂದು ಹೆಸರು. ಅಲ್ಲಿ ಬರುವ ಕ್ಯಾನ್ಸರ್ 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಹೊಸದಾಗಿ ತಗಲಿತು. ಸುಮಾರು 80,000 ಮಂದಿ ಅದರಿಂದ ಸತ್ತರು. ಕ್ಯಾನ್ಸರ್‌ಗಳ ಪೈಕಿ ಇದು ಒಂದು ವಿಚಿತ್ರ ಕಾಯಿಲೆ. ಏಕೆಂದರೆ ಇದು ಬರುವ ಮೊದಲು ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು ಕಾಯುತ್ತದೆ. ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಾಣು — ವೈದ್ಯರು ಚುಟುಕಾಗಿ ಎಚ್‌ಪಿವಿ ಎನ್ನುವುದು — ಗರ್ಭಕಂಠದ ಮೇಲ್ಪದರವನ್ನು ಸೇರುತ್ತದೆ. ಬಹುಪಾಲು ಸ್ತ್ರೀಯರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಹೊರಗಟ್ಟುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಜೀವಕೋಶಗಳ ರೂಪ ಕೆಡಿಸುತ್ತದೆ. ಕೆಟ್ಟ ಕೋಶಗಳು ಇನ್ನೂ ಕ್ಯಾನ್ಸರ್ ಅಲ್ಲ. ಈ ಹಂತದಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ, ಯಾವ ಲಕ್ಷಣವೂ ಇಲ್ಲ. ಈ ಹಂತದಲ್ಲೇ ಕಂಡು ಹಿಡಿದರೆ ಕೆಲವೇ ನಿಮಿಷಗಳ ಚಿಕಿತ್ಸೆ ಸಾಕು. ಹಂತ ದಾಟಿದರೆ ವಾರಗಟ್ಟಲೆ ವಿಕಿರಣ ಚಿಕಿತ್ಸೆ.

ಹೀಗೆ ಕಾಯುವ ಕಾಯಿಲೆಯನ್ನು ಹಿಡಿಯುವ ಉಪಾಯಕ್ಕೆ ಸುಮಾರು ನೂರು ವರ್ಷದ ಚರಿತ್ರೆಯಿದೆ. ಗ್ರೀಸಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದ ಜಾರ್ಜ್ ಪಾಪನಿಕೊಲೌ ಎಂಬ ವೈದ್ಯ, ಯೋನಿಯ ಒಸರನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಯಾನ್ಸರ್‌ನ ಕೋಶಗಳು ಕಾಣುತ್ತವೆಂದು 1928ರಲ್ಲಿ ಹೇಳಿದ. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಸೇರಿ ಪುಸ್ತಕ ಪ್ರಕಟಿಸಿದ ಮೇಲೆ ಜಗತ್ತು ಕಣ್ತೆರೆಯಿತು. ಇಂದು ಪ್ಯಾಪ್ ಸ್ಮಿಯರ್ ಎನ್ನುವುದು ಅವನ ಹೆಸರಿನ ತುಂಡು. ಅವನ ಪತ್ನಿ ಆಂಡ್ರೊಮಾಕಿ ವರ್ಷಗಟ್ಟಲೆ ತನ್ನದೇ ಮಾದರಿಗಳನ್ನು ಕೊಟ್ಟಳು ಎಂಬುದನ್ನು ಚರಿತ್ರೆ ಅಡಿಟಿಪ್ಪಣಿಯಲ್ಲಿ ಹೇಳಿ ಮುಗಿಸುತ್ತದೆ. ತಪ್ಪದೆ ಮರಳಿ ಬಂದ ಮೊದಲ ಹೆಂಗಸು ಆಕೆಯೇ. ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಕಾಲ್ಪೊಸ್ಕೋಪ್ ಎಂಬ ಉಪಕರಣವನ್ನು ಜರ್ಮನಿಯ ಹಾನ್ಸ್ ಹಿನ್ಸೆಲ್ಮನ್ 1925ರಲ್ಲಿ ತಂದ. ಕಾರಣ ವೈರಾಣು ಎಂದು ಜರ್ಮನಿಯವರೇ ಆದ ಹೆರಾಲ್ಡ್ ಸುರ್ ಹೌಸೆನ್ 1983ರಲ್ಲಿ ತೋರಿಸಿದರು. ಅದಕ್ಕೆ 2008ರಲ್ಲಿ ನೊಬೆಲ್ ಬಂತು.

ಪ್ರಯೋಗಶಾಲೆ, ತಜ್ಞರು ಇಲ್ಲದ ಊರುಗಳಿಗೆ ಇನ್ನೊಂದು ಸರಳ ವಿಧಾನ ಬಂದಿದೆ. ಮೂರರಿಂದ ಐದು ಶೇಕಡಾ ಅಸೆಟಿಕ್ ಆಮ್ಲ, ಎಂದರೆ ತೆಳು ವಿನೆಗರ್‌ನಂಥದೇ ದ್ರವ, ಗರ್ಭಕಂಠಕ್ಕೆ ಸವರಿ ಒಂದು ನಿಮಿಷ ಕಾಯುವುದು. ಕೆಟ್ಟ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಬರಿಗಣ್ಣಿಗೆ ಕಾಣುತ್ತದೆ, ತರಬೇತಾದ ದಾದಿಯೂ ಮಾಡಬಹುದು. ಭಾರತ ಸರಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ 30ರಿಂದ 65 ವರ್ಷದ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಇದನ್ನೇ ಮಾಡಬೇಕೆಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ಪ್ರಾಯದವರ ಪೈಕಿ ಎಂದಾದರೊಮ್ಮೆ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆ ಇಬ್ಬರಲ್ಲಿ ಒಬ್ಬಳಿಗೆ ಬೆಳ್ಳನೆ ಕಲೆ ಕಂಡಿತು ಎನ್ನೋಣ. ಅವಳೂ ದಾರಿಯಲ್ಲಿ ಕಳೆದುಹೋದರೆ ಶಿಬಿರ ಮಾಡಿ ಏನು ಬಂತು?

ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ಜಗತ್ತು ಒಂದು ದುರಂತದಿಂದ ಕಲಿತಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ವೈದ್ಯ 1966ರಿಂದ ಒಂದು ಪ್ರಯೋಗ ನಡೆಸಿದ. ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಸ್ಥಿತಿ ಇದ್ದ ಸ್ತ್ರೀಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತ ಹೋಗುವುದು ಅದರ ತಿರುಳು. ಆ ಸ್ಥಿತಿ ಕ್ಯಾನ್ಸರ್ ಆಗಿ ಬೆಳೆಯುವುದಿಲ್ಲ ಎಂಬುದು ಅವನ ನಂಬಿಕೆ. ಸ್ತ್ರೀಯರಿಗೆ ಇದು ತಿಳಿದಿರಲಿಲ್ಲ. 1987ರ ಜೂನ್‌ನಲ್ಲಿ ಸಾಂಡ್ರಾ ಕೋನಿ ಮತ್ತು ಫಿಲಿಡಾ ಬಂಕಲ್ ಎಂಬ ಇಬ್ಬರು ಲೇಖಕಿಯರು ಪತ್ರಿಕೆಯೊಂದರಲ್ಲಿ ಅದನ್ನು ಬಯಲಿಗೆಳೆದರು. ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ನೇತೃತ್ವದಲ್ಲಿ ವಿಚಾರಣೆಯಾಗಿ 1988ರಲ್ಲಿ ವರದಿ ಬಂತು. ಆ ಸ್ತ್ರೀಯರ ಕಡತಗಳನ್ನು ಮತ್ತೆ ಲೆಕ್ಕಹಾಕಿ 2008ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ ಹೀಗಿದೆ: ಬರೇ ತುಣುಕು ತೆಗೆದು ಬಿಟ್ಟವರಲ್ಲಿ 30 ವರ್ಷದೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಆಯಿತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಒಬ್ಬರಿಗೂ ಇಲ್ಲ.

ಈ ಎರಡು ಅಂಕಿಗಳ ನಡುವಿನ ಅಂತರವೇ ಮರುಭೇಟಿಯ ಬೆಲೆ. ಅಲ್ಲಿ ಒಬ್ಬ ವೈದ್ಯ ಬೇಕೆಂದೇ ಚಿಕಿತ್ಸೆ ತಡೆದ. ಇಲ್ಲಿ ಯಾರೂ ತಡೆಯುವುದಿಲ್ಲ. ಬಸ್ಸು, ಬೀಡಿ, ಹಟ್ಟಿಯ ದನ, ಮಗನ ಮೊಬೈಲು ಎಲ್ಲ ಸೇರಿ ತಡೆಯುತ್ತವೆ.

ಬೆಳ್ತಂಗಡಿಯಿಂದ ಶುರು ಮಾಡಬಹುದು. ಘಟ್ಟದ ಬುಡದ ತಾಲೂಕು. ಪೇಟೆಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಆದರೆ ಕಷ್ಟ ಇರುವುದು ಪೇಟೆಯಿಂದ ಮಂಗಳೂರಿಗಲ್ಲ, ಮನೆಯಿಂದ ಪೇಟೆಗೆ. ದಿಡುಪೆ, ಶಿಶಿಲ, ನೆರಿಯದ ಕಡೆಯ ಒಳಮನೆಗಳಿಂದ ತೋಟ ದಾಟಿ, ತೋಡು ದಾಟಿ, ಟಾರು ರಸ್ತೆಗೆ ಬಂದು ಬಸ್ಸಿಗೆ ಕಾಯಬೇಕು. ಮಳೆಗಾಲದಲ್ಲಿ ತೋಡಿನ ಸಂಕವೇ ದೊಡ್ಡ ಪ್ರಶ್ನೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಚಾರ್ಮಾಡಿ ಭಾಗದ ಸೇತುವೆಗಳ ಗತಿ ಏನಾಯಿತೆಂದು ಆ ಭಾಗದವರು ಮರೆತಿಲ್ಲ. ಜೂನ್‌ನಲ್ಲಿ ಶಿಬಿರ ಮಾಡಿ ಜುಲೈಗೆ ಬನ್ನಿ ಎಂದು ಚೀಟಿ ಕೊಟ್ಟರೆ ಅದು ಬರಬೇಡಿ ಎಂದಂತೆಯೇ.

ಇನ್ನೊಂದು ವಿಷಯವನ್ನು ಹೊರಗಿನಿಂದ ಬಂದ ಯೋಜನಾಕಾರರು ಗಮನಿಸುವುದು ಕಡಿಮೆ. ಬಯಲುಸೀಮೆಯ ಹಳ್ಳಿ ಎಂದರೆ ಮನೆಗೆ ಮನೆ ತಾಗಿದ ಕೇರಿ. ತುಳುನಾಡಿನ ಗ್ರಾಮ ಹಾಗಲ್ಲ. ಒಂದೊಂದು ಮನೆ ಅದರದೇ ಗದ್ದೆ, ಅಡಿಕೆ ತೋಟದ ನಡುವೆ ಒಂಟಿಯಾಗಿ ನಿಂತಿರುತ್ತದೆ. ಆಶಾ ಕಾರ್ಯಕರ್ತೆ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. "ಪಕ್ಕದ ಮನೆಯವಳಿಗೆ ಹೇಳಿಬಿಡಿ" ಎಂದು ಒಂದೇ ಸುತ್ತಿನಲ್ಲಿ ಹತ್ತು ಮಂದಿಗೆ ಸುದ್ದಿ ಮುಟ್ಟಿಸುವ ಅನುಕೂಲ ಇಲ್ಲಿಲ್ಲ. ಹಾಗೆಂದು ಒಂಟಿ ಮನೆಯಲ್ಲಿ ಗುಟ್ಟು ಉಳಿಯುತ್ತದೆ ಎಂದೂ ಇಲ್ಲ.

ಮೂಡುಬಿದಿರೆ ಮಂಗಳೂರಿಗೆ ಹತ್ತಿರ, ಸುಮಾರು 35 ಕಿಲೋಮೀಟರ್. ಹಿಂದೆ ಮಂಗಳೂರು ತಾಲೂಕಿನ ಭಾಗವಾಗಿದ್ದು ಆಮೇಲೆ ಪ್ರತ್ಯೇಕ ತಾಲೂಕಾದ ಊರು. ಸಾವಿರ ಕಂಬದ ಬಸದಿಯ ಹೆಸರಿನಲ್ಲಿ ನಾಡಿಗೆಲ್ಲ ಗೊತ್ತು. ಆದರೆ ಈ ಮಾರ್ಗ ಹಳೆಯ ಕಾಲದಿಂದ ಖಾಸಗಿ ಬಸ್ಸುಗಳದು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿನಲ್ಲಿ ಮಾತ್ರ. ಧರ್ಮಸ್ಥಳದಿಂದ ಬಿ.ಸಿ. ರೋಡಿನ ಮೂಲಕ ಮಂಗಳೂರಿಗೆ ಹೋಗುವ ಹೆಂಗಸಿಗೆ ಸಿಗುವ ಸೌಕರ್ಯ, ಖಾಸಗಿ ಬಸ್ಸನ್ನೇ ನೆಚ್ಚಿದ ಒಳಮಾರ್ಗಗಳ ಹೆಂಗಸಿಗೆ ಅಷ್ಟಾಗಿ ಸಿಗದು. ಬಸ್ಸಿನ ಚಾರ್ಜು ದೊಡ್ಡ ಮೊತ್ತವಲ್ಲ ಎನ್ನುವವರಿದ್ದಾರೆ. ಒಬ್ಬಳೇ ಹೋಗುವುದಿಲ್ಲ, ಜೊತೆಗೆ ಒಬ್ಬರು ಬೇಕು. ಒಂದೇ ಸಲ ಹೋಗುವುದಲ್ಲ, ಕಾಲ್ಪೊಸ್ಕೊಪಿಗೆ ಒಮ್ಮೆ, ಅದರ ಫಲಿತಾಂಶಕ್ಕೆ ಒಮ್ಮೆ, ಚಿಕಿತ್ಸೆಗೆ ಒಮ್ಮೆ. ಲೆಕ್ಕ ಅಲ್ಲಿಗೆ ಬೆಳೆಯುತ್ತದೆ.

ಬಂಟ್ವಾಳಕ್ಕೆ ಮಂಗಳೂರು ಇನ್ನೂ ಹತ್ತಿರ. ದೂರ ಅಲ್ಲಿ ನೆಪವಾಗದು. ಅಲ್ಲಿನ ಪ್ರಶ್ನೆ ಬೇರೆ: ದಿನ. ಬಂಟ್ವಾಳ, ಬೆಳ್ತಂಗಡಿ ಕಡೆ ಮನೆಯಲ್ಲೇ ಕುಳಿತು ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ಬಹಳ. ಹಿಂದೂ, ಬ್ಯಾರಿ, ಕ್ರೈಸ್ತ ಎಂಬ ಭೇದ ಆ ಕೆಲಸಕ್ಕಿಲ್ಲ. ಸಾವಿರಕ್ಕೆ ಇಷ್ಟು ಎಂಬ ಲೆಕ್ಕ. ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬ್ರಾಂಚಿಗೆ ಮುಟ್ಟಿಸಬೇಕು. ಇದಕ್ಕೆ ರಜೆಯ ಹಾಜರಿ ಪುಸ್ತಕ ಇಲ್ಲ, ಆದ್ದರಿಂದ ರಜೆಯೂ ಇಲ್ಲ. ಆಸ್ಪತ್ರೆಗೆ ಹೋದ ದಿನದ ಬೀಡಿ ರಾತ್ರಿ ಕೂತು ಕಟ್ಟಬೇಕು, ಇಲ್ಲವೇ ಆ ವಾರದ ಲೆಕ್ಕದಲ್ಲಿ ಕಡಿಮೆ. ಮಕ್ಕಳ ಶಾಲೆಯ ಶುಲ್ಕ, ಸಂಘದ ಸಾಲದ ಕಂತು ಆ ಲೆಕ್ಕದ ಮೇಲೆ ನಿಂತಿರುತ್ತದೆ. ನೋವಿದ್ದರೆ ಒಂದು ದಿನ ಬಿಟ್ಟಾಳು. ನೋವೇ ಇಲ್ಲದ ಕಾಯಿಲೆಗೆ ದುಡಿಮೆ ಬಿಡು ಎಂದರೆ ಆಕೆ ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ನನಗೇನು ಆಗಿದೆ?"

ಆ ಪ್ರಶ್ನೆಗೆ ಸಿಗುವ ಉತ್ತರದ ಭಾಷೆ ಇನ್ನೊಂದು ತೊಡಕು. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಚೀಟಿ ಇಂಗ್ಲಿಷಿನಲ್ಲಿ. ಶಿಬಿರಕ್ಕೆ ಬಂದ ಕಿರಿಯ ವೈದ್ಯೆ ಹೊರರಾಜ್ಯದವಳಾದರೆ ಮೂರೂ ಬಾರದು. ಕಾಲ್ಪೊಸ್ಕೊಪಿ ಎಂಬ ಶಬ್ದ ಮೊದಲ ಬಾರಿ ಕೇಳಿದವಳಿಗೆ ಕಾಲಿಗೇನೋ ಪರೀಕ್ಷೆ ಎನಿಸಿದರೆ ಆಶ್ಚರ್ಯವಿಲ್ಲ. "ಪಾಸಿಟಿವ್" ಎಂಬ ಶಬ್ದದ ಪಾಡು ಇದಕ್ಕಿಂತ ಕಷ್ಟ. ಹಿಂದೆ ಅದನ್ನು ಕೇಳಿದರೆ ಏಡ್ಸ್ ನೆನಪಾಗುತ್ತಿತ್ತು; 2020ರ ಬಳಿಕ ಕೊರೋನಾ, ಮನೆ ಬಾಗಿಲಿಗೆ ಅಂಟಿಸಿದ ಕಾಗದ, ನೆರೆಯವರು ದೂರ ಸರಿದದ್ದು ನೆನಪಾಗುತ್ತದೆ. ತಪಾಸಣೆಯಲ್ಲಿ ಪಾಸಿಟಿವ್ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ, ಇನ್ನೊಮ್ಮೆ ಸರಿಯಾಗಿ ನೋಡಬೇಕಾಗಿದೆ ಎಂದಷ್ಟೇ. ಬೆಳ್ಳಗಾದ ಕಲೆ ಬರೇ ಉರಿಯೂತದಿಂದಲೂ ಆಗಬಹುದು. ಹಾಗೆ ಕರೆಸಿಕೊಂಡವರಲ್ಲಿ ಬಹುಮಂದಿಗೆ ಏನೂ ಇರುವುದಿಲ್ಲ. ಈ ಎರಡು ವಾಕ್ಯ ಅವಳ ಭಾಷೆಯಲ್ಲಿ ಹೇಳಲು ಎರಡು ನಿಮಿಷ ಬೇಕು. ಸರದಿಯಲ್ಲಿ ಇನ್ನೂ ನಲ್ವತ್ತು ಮಂದಿ ಇದ್ದಾಗ ಆ ಎರಡು ನಿಮಿಷವೇ ಮೊದಲು ಬಿದ್ದುಹೋಗುತ್ತದೆ.

ಗರ್ಭಕೋಶ ಎಂಬ ಮಾತು ಬಂದ ಕೂಡಲೆ ಬರುವ ಹೆದರಿಕೆ ಇನ್ನೊಂದು. "ಹೋದರೆ ತೆಗೆಯುತ್ತಾರೆ." ಈ ಹೆದರಿಕೆ ಗಾಳಿಯಿಂದ ಹುಟ್ಟಿದ್ದಲ್ಲ. ಬಿಳಿಸೆರಗಿಗೂ ಹೆಚ್ಚು ಮುಟ್ಟಿಗೂ ಗರ್ಭಕೋಶ ತೆಗೆಸಿಕೊಂಡು ಬಂದವರು ಊರೂರಲ್ಲಿದ್ದಾರೆ. ಆಮೇಲೆ ಸೊಂಟನೋವು, ಕೆಲಸಕ್ಕೆ ಬಾರದಾದೆ ಎಂದು ಕೊರಗುವವರನ್ನೂ ಎಲ್ಲರೂ ಕಂಡಿದ್ದಾರೆ. ವಾಸ್ತವದಲ್ಲಿ ಕ್ಯಾನ್ಸರ್‌ಪೂರ್ವ ಸ್ಥಿತಿಗೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯಬೇಕಾಗಿಲ್ಲ. ಕೆಟ್ಟ ಜಾಗವನ್ನು ಅತಿಶೀತದಿಂದ ಹೆಪ್ಪುಗಟ್ಟಿಸುವುದು, ಬಿಸಿ ತಗಲಿಸಿ ಸುಡುವುದು, ವಿದ್ಯುತ್ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುವುದು — ಇವುಗಳಲ್ಲಿ ಒಂದು ಸಾಕು. ಹೆಚ್ಚಿನವರು ಅದೇ ದಿನ ಮನೆಗೆ ಬರಬಹುದು. ಕುಟುಂಬ ಯೋಜನೆ ಆದವರ ತಪ್ಪು ತಿಳಿವಳಿಕೆಯೂ ಒಂದುಂಟು: "ನನಗೆ ಆಪರೇಷನ್ ಆಗಿದೆ, ಇನ್ನು ಅಲ್ಲಿ ಏನೂ ಬಾರದು." ಗರ್ಭನಾಳ ಕಟ್ಟಿದ್ದಕ್ಕೂ ಗರ್ಭಕಂಠಕ್ಕೂ ಸಂಬಂಧವಿಲ್ಲ.

ನಾಚಿಕೆಯ ವಿಷಯವನ್ನು ಬೇಗನೆ ಹೇಳಿ ಮುಗಿಸುವುದು ವಾಡಿಕೆ. ಆದರೆ ತುಳುನಾಡಿನಲ್ಲಿ ಅದಕ್ಕೆ ಒಂದು ವಿಶೇಷ ಬಣ್ಣವಿದೆ. ಫೆಬ್ರವರಿಯಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾದಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಎಣ್ಣೆ, ಅರಸಿನ, ಕುಂಕುಮ ಇಟ್ಟು, ನನ್ನೆರಿ ಹಂಚಿ, ಅವಳನ್ನು ಮೀಯಿಸುತ್ತಾರೆ. ಗಂಡಸರೂ ಹೆಂಗಸರೂ ಕೂಡಿ ಆಚರಿಸುವ ಹಬ್ಬ. ಭೂಮಿಯ ಮುಟ್ಟನ್ನು ಅಂಗಳದಲ್ಲಿ ನಿಂತು ಗೌರವಿಸುವ ಮನೆಯಲ್ಲೇ, ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಂಡ ಅತ್ತೆ ಅದನ್ನು ಸೊಸೆಗೂ ಹೇಳುವುದಿಲ್ಲ. ನಿಂತ ಮೇಲೆ ಮರಳಿ ಕಾಣುವ ರಕ್ತ, ಗಂಡನ ಜೊತೆ ಸೇರಿದ ಬಳಿಕ ಕಾಣುವ ರಕ್ತ, ಇವೆರಡೂ ತಡಮಾಡದೆ ವೈದ್ಯರಿಗೆ ಹೇಳಬೇಕಾದ ಲಕ್ಷಣಗಳು. ಹೇಳಬೇಕಾದುದು ಯಾರಿಗೆ, ಯಾವ ಶಬ್ದದಲ್ಲಿ ಎಂಬುದೇ ಆಕೆಯ ಕಷ್ಟ.

ಅಳಿಯಕಟ್ಟಿನ ನಾಡು, ಹೆಣ್ಣಿನ ಸಂತಾನದಲ್ಲಿ ಆಸ್ತಿ ಹರಿದ ನಾಡು, ಇಲ್ಲಿ ಹೆಂಗಸಿಗೆ ಸ್ವಾತಂತ್ರ್ಯ ಹೆಚ್ಚು ಎಂಬ ಮಾತಿದೆ. ಅದರಲ್ಲಿ ಸತ್ಯವೂ ಇದೆ. ಆದರೆ ಆಸ್ತಿ ಹೆಣ್ಣಿನ ಕಡೆಯಿಂದ ಬಂದರೂ ಯಜಮಾನಿಕೆ ಹೆಚ್ಚಾಗಿ ಮಾವನ, ಅಣ್ಣನ ಕೈಯಲ್ಲೇ ಇತ್ತು. ಆಸ್ಪತ್ರೆಯ ವಿಷಯದಲ್ಲಿ ಇಂದಿಗೂ ಯಾರನ್ನೋ ಕೇಳಿಯೇ ಹೊರಡುವುದು. ಗಂಡ ಮುಂಬಯಿಯಲ್ಲಿ, ಇಲ್ಲವೇ ಗಲ್ಫಿನಲ್ಲಿ ಇದ್ದರೆ ಅವರ ಫೋನು ಬರುವವರೆಗೆ ಕಾಯುವುದು. ಫೋನಿನಲ್ಲಿ ಈ ವಿಷಯ ಹೇಗೆ ತೆಗೆಯುವುದು? ಇನ್ನು ಕೆಲವು ಮನೆಗಳಲ್ಲಿ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡುತ್ತಾರೆ, ದೈವಕ್ಕೆ ಹರಕೆ ಹೇಳಿಕೊಳ್ಳುತ್ತಾರೆ. ಅದನ್ನು ಗೇಲಿ ಮಾಡುವುದರಿಂದ ಪ್ರಯೋಜನವಿಲ್ಲ. ಹರಕೆ ಹೇಳಿಕೊಂಡವಳಿಗೆ ಆಸ್ಪತ್ರೆಗೆ ಹೋಗುವ ಧೈರ್ಯ ಬಂದರೆ ಒಳ್ಳೆಯದೇ. ಹರಕೆಯಿಂದ ಸರಿಯಾಯಿತೆಂದು ನಿಂತುಬಿಟ್ಟರೆ ಮಾತ್ರ ಕಷ್ಟ. ಮೊದಲೇ ಲಕ್ಷಣವಿಲ್ಲದ ಸ್ಥಿತಿ. ಸರಿಯಾಯಿತೋ ಇಲ್ಲವೋ ತಿಳಿಯುವ ಬಗೆ ಅವಳಿಗಿಲ್ಲ.

ಎಚ್‌ಪಿವಿ ಪರೀಕ್ಷೆ ಬಂದ ಮೇಲೆ ಸಂಸಾರದೊಳಗೆ ಹೊಸದೊಂದು ಕಸಿವಿಸಿಯೂ ಬಂದಿದೆ. ವೈರಾಣು ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದೊಡನೆ "ಯಾರಿಂದ ಬಂತು?" ಎಂಬ ಪ್ರಶ್ನೆ. ಇದರ ಮೂಲ ಹಳೆಯದು. ಇಟಲಿಯ ವೆರೋನಾದಲ್ಲಿ ರಿಗೋನಿ ಸ್ಟರ್ನ್ ಎಂಬವನು 1842ರಲ್ಲಿ ಸಾವಿನ ದಾಖಲೆಗಳನ್ನು ಪರಿಶೀಲಿಸಿ, ಈ ಕ್ಯಾನ್ಸರ್ ಸನ್ಯಾಸಿನಿಯರಲ್ಲಿ ಅಪರೂಪ, ಮದುವೆಯಾದವರಲ್ಲಿ ಹೆಚ್ಚು ಎಂದು ತೋರಿಸಿದ್ದ. ಅಂದಿನಿಂದ ಕಾಯಿಲೆಗೆ ನಡತೆಯ ನೆರಳು ಅಂಟಿತು. ಸತ್ಯವೆಂದರೆ ದಾಂಪತ್ಯ ಜೀವನ ನಡೆಸುವ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಎಂದಾದರೊಮ್ಮೆ ಈ ವೈರಾಣು ತಗಲಿ ಹೋಗಿರುತ್ತದೆ. ಎಷ್ಟು ವರ್ಷದ ಹಿಂದೆ ತಗಲಿತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ನಡತೆಯ ಸರ್ಟಿಫಿಕೇಟು ಕೊಡುವುದು ಅದರ ಕೆಲಸವಲ್ಲ. ಚಿಕಿತ್ಸೆಯ ನಂತರ ನಾಲ್ಕಾರು ವಾರ ದಂಪತಿ ದೂರ ಇರಬೇಕು ಎಂದು ವೈದ್ಯರು ಹೇಳುತ್ತಾರೆ. ಈ ಒಂದು ಮಾತನ್ನು ಗಂಡನಿಗೆ ಹೇಳಲಾಗದೆ ಚಿಕಿತ್ಸೆಯನ್ನೇ ಮುಂದೂಡುವುದು ನಡೆಯುವ ಸಂಗತಿ. ಹೆಂಡತಿಯನ್ನು ಕರೆದಾಗ ಗಂಡನನ್ನೂ ಕೂರಿಸಿ ಎರಡು ಮಾತು ಹೇಳುವ ಪದ್ಧತಿ ಇದ್ದರೆ ಈ ತೊಡಕು ಸಡಿಲವಾದೀತು.

ಮೊಬೈಲು ಬಂದ ಮೇಲೆ ಹುಡುಕುವುದು ಸುಲಭವಾಯಿತು ಎಂದು ಎಣಿಸಿದ್ದರು. ಶಿಬಿರದಲ್ಲಿ ಬರೆಸಿದ ನಂಬರು ಹೆಚ್ಚಾಗಿ ಗಂಡನದು ಅಥವಾ ಮಗನದು. ಆಸ್ಪತ್ರೆಯಿಂದ ಗುರುತಿಲ್ಲದ ನಂಬರಿನ ಕರೆ ಬಂದರೆ ಮಗ ತೆಗೆಯುವುದಿಲ್ಲ; ತೆಗೆದರೂ "ನಿಮ್ಮ ತಾಯಿಗೆ ಗರ್ಭಕಂಠದ..." ಎಂದು ಆರಂಭಿಸುವುದು ಹೇಗೆ? ಸಿಮ್ಮು ಬದಲಾದರೆ ಅಲ್ಲಿಗೆ ಸಂಪರ್ಕ ಮುಗಿಯಿತು. ಅಷ್ಟರಲ್ಲಿ ಅವಳು ಮಗಳ ಬಾಣಂತನಕ್ಕೆ ಬೇರೆ ಊರಿಗೆ ಹೋಗಿದ್ದರೂ ಹೋದಳೇ.

ದುಡ್ಡಿನ ವಿಷಯದಲ್ಲಿ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕ್ಯಾನ್ಸರ್ ಚಿಕಿತ್ಸೆ ಅದರಲ್ಲಿ ಸೇರಿದೆ. ಆದರೆ ಇಂಥ ಯೋಜನೆಗಳು ಆಸ್ಪತ್ರೆಗೆ ದಾಖಲಾದವರಿಗೆ. ಹೊರರೋಗಿಯಾಗಿ ಹೋಗಿ ಮಾಡಿಸಿಕೊಳ್ಳುವ ಪರೀಕ್ಷೆಗಳ ಖರ್ಚು ಸಾಮಾನ್ಯವಾಗಿ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಎಂದರೆ ಕ್ಯಾನ್ಸರ್ ಆದ ಮೇಲೆ ಲಕ್ಷಗಟ್ಟಲೆ ಕೊಡಲು ವ್ಯವಸ್ಥೆಯಿದೆ. ಆಗದಂತೆ ತಡೆಯುವ ಆ ನಡುವಿನ ಸಣ್ಣ ಖರ್ಚು ಬೀಡಿಯ ಲೆಕ್ಕದಿಂದ ಬರಬೇಕು. ಸರಕಾರಿ ಆಸ್ಪತ್ರೆಯಲ್ಲಿ ಆ ಖರ್ಚು ಕಡಿಮೆ ಎಂಬುದೂ ನಿಜ. ಮಂಗಳೂರಿನಲ್ಲಿ ಸ್ತ್ರೀಯರಿಗೆಂದೇ ಲೇಡಿಗೋಶನ್ ಆಸ್ಪತ್ರೆ ಇದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ವೈದ್ಯಕೀಯ ಕಾಲೇಜುಗಳಿಗೆ ಕೊರತೆಯಿಲ್ಲ. ಇಷ್ಟು ಒತ್ತಾಗಿ ದೊಡ್ಡ ಆಸ್ಪತ್ರೆಗಳಿರುವ ಜಿಲ್ಲೆಗಳು ದೇಶದಲ್ಲಿ ಕಡಿಮೆ. ಕೊರತೆ ಇರುವುದು ಕಟ್ಟಡದಲ್ಲಲ್ಲ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕೈಹಿಡಿದು ಕರೆದೊಯ್ಯುವ ವ್ಯವಸ್ಥೆಯಲ್ಲಿ.

ಹಾಗೆ ಕರೆದೊಯ್ದರೆ ಏನು ಸಾಧ್ಯ ಎಂಬುದಕ್ಕೆ ಸಾಕ್ಷಿ ನೆರೆಯ ಮಹಾರಾಷ್ಟ್ರದಲ್ಲೇ ಇದೆ. ಕಲಬುರಗಿಯ ಉತ್ತರಕ್ಕಿರುವ ಉಸ್ಮಾನಾಬಾದ್ — ಈಗ ಧಾರಾಶಿವ — ಬಡ, ಬರದ ಜಿಲ್ಲೆ. ಅಲ್ಲಿ 1999ರಿಂದ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿ 1,31,746 ಸ್ತ್ರೀಯರನ್ನು ಒಳಗೊಂಡ ಅಧ್ಯಯನ ನಡೆಸಿದವು. 2009ರಲ್ಲಿ ಫಲಿತಾಂಶ ಬಂತು. ಜೀವಮಾನದಲ್ಲಿ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತವರು 34; ಹಾಗೆ ಕರೆಯದೆ ಎಂದಿನಂತೆ ಬಿಟ್ಟ ಗುಂಪಿನಲ್ಲಿ 64. ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರೊಳಗಿನ ಇನ್ನೊಂದು ಸಂಗತಿ ಇಲ್ಲಿ ಹೆಚ್ಚು ಮುಖ್ಯ. ವಿನೆಗರ್ ಪರೀಕ್ಷೆಯ ಗುಂಪಿನಲ್ಲಿ ಕಲೆ ಕಂಡವರಿಗೆ ಅಲ್ಲೇ, ಆಗಲೇ ಕಾಲ್ಪೊಸ್ಕೊಪಿ ಮಾಡುತ್ತಿದ್ದರು. ಬಹುತೇಕ ಎಲ್ಲರೂ ಮಾಡಿಸಿಕೊಂಡರು. ಉಳಿದ ಎರಡು ಪರೀಕ್ಷೆಗಳಲ್ಲಿ ಫಲಿತಾಂಶ ಬಂದ ಮೇಲೆ ಮತ್ತೆ ಕರೆಯಬೇಕಿತ್ತು. ಅಷ್ಟು ಬಂದೋಬಸ್ತಿನ ಅಧ್ಯಯನದಲ್ಲೂ ಹತ್ತರಲ್ಲಿ ಒಬ್ಬರಷ್ಟು ಮಂದಿ ಬರಲಿಲ್ಲ. ಸಂಶೋಧನೆಯ ಹಣ, ವಾಹನ, ಸಿಬ್ಬಂದಿ ಇದ್ದಲ್ಲೇ ಹೀಗಾದರೆ, ಚೀಟಿ ಬರೆದು ಕಳಿಸುವಲ್ಲಿ ಹೇಗೆ ಎಂದು ಊಹಿಸಬಹುದು. "ಮತ್ತೆ ಬನ್ನಿ" ಎಂಬ ಎರಡು ಶಬ್ದ ಎಷ್ಟು ದುಬಾರಿ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಅದಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಕಾರ್ಯಯೋಜನೆಯಲ್ಲಿ ಮೂರು ಅಂಕಿಗಳಿವೆ: 2030ರೊಳಗೆ ನೂರಕ್ಕೆ 90 ಹುಡುಗಿಯರಿಗೆ ಲಸಿಕೆ, 70 ಸ್ತ್ರೀಯರಿಗೆ 35ನೇ ಮತ್ತು 45ನೇ ವಯಸ್ಸಿಗೆ ಉತ್ತಮ ಪರೀಕ್ಷೆ, ಕಾಯಿಲೆ ಕಂಡವರಲ್ಲಿ 90 ಮಂದಿಗೆ ಚಿಕಿತ್ಸೆ. ಮೂರನೆಯದರ ಮಾತು ಸಭೆಗಳಲ್ಲಿ ಕಡಿಮೆ. ಶಿಬಿರದಲ್ಲಿ ಎಷ್ಟು ಮಂದಿ ಬಂದರು ಎಂಬುದು ಪತ್ರಿಕೆಯಲ್ಲಿ ಫೋಟೊ ಸಮೇತ ಬರುತ್ತದೆ. ಎಷ್ಟು ಮಂದಿ ಮರಳಿ ಬಂದರು ಎಂಬ ಸುದ್ದಿಯನ್ನು ಯಾವ ಸಂಘವೂ ಕಳಿಸುವುದಿಲ್ಲ, ಯಾವ ಪತ್ರಿಕೆಯೂ ಕೇಳುವುದಿಲ್ಲ.

ದಾರಿಗಳು ಇಲ್ಲದಿಲ್ಲ. ಬಿಸಿ ತಗಲಿಸುವ ಉಪಕರಣ ಈಗ ಕೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿ, ಬ್ಯಾಟರಿಯಲ್ಲಿ ನಡೆಯುವಂತೆ ಬಂದಿದೆ. ಹಿಂದಿನಂತೆ ಗ್ಯಾಸಿನ ಸಿಲಿಂಡರು ಹೊತ್ತು ಘಟ್ಟದ ಬುಡಕ್ಕೆ ಹೋಗಬೇಕಾಗಿಲ್ಲ. ಕಲೆ ಕಂಡ ದಿನವೇ, ಅರ್ಹರಾದವರಿಗೆ ತಾಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಬಹುದು. ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಸ್ತ್ರೀಯೇ ತನ್ನ ಮನೆಯ ಬಚ್ಚಲಿನಲ್ಲಿ ತೆಗೆದುಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ನಾಚಿಕೆಯ ಅರ್ಧ ಭಾರ ಅಲ್ಲಿಗೆ ಇಳಿಯುತ್ತದೆ. ಬ್ರಿಟನ್‌ನಲ್ಲಿ ತಪಾಸಣೆ 1960ರ ದಶಕದಿಂದಲೇ ಇತ್ತು. ಆದರೆ 1988ರಲ್ಲಿ ಪ್ರತಿ ಸ್ತ್ರೀಯ ಹೆಸರನ್ನೂ ಪಟ್ಟಿ ಮಾಡಿ, ಕರೆದು, ಬಾರದಿದ್ದರೆ ಮತ್ತೆ ಕರೆಯುವ ಪದ್ಧತಿ ತಂದ ಮೇಲೆಯೇ ಅದರ ಫಲ ಚೆನ್ನಾಗಿ ಕಂಡದ್ದು. ಇಲ್ಲಿ ಆ ಕೆಲಸ ಆಶಾ ಕಾರ್ಯಕರ್ತೆಯ ನೆನಪಿನ ಮೇಲೆ ನಡೆಯಬೇಕಾಗಿದೆ. ಗರ್ಭಿಣಿಯರ, ಮಕ್ಕಳ ಚುಚ್ಚುಮದ್ದಿನ, ಕ್ಷಯದ ಪಟ್ಟಿಗಳ ಜೊತೆ ಅವಳ ಚೀಲದಲ್ಲಿ ಇನ್ನೊಂದು ಪಟ್ಟಿ. ಅವಳೇ ರೋಗಿಯ ಜೊತೆ ಬಸ್ಸು ಹತ್ತಿ ಆಸ್ಪತ್ರೆಯವರೆಗೆ ಹೋದರೆ ಮರುಭೇಟಿ ಖಂಡಿತ; ಆದರೆ ಆ ದಿನದ ಅವಳ ಚಾರ್ಜು, ಊಟ, ದಿನಗೂಲಿ ಯಾರ ಲೆಕ್ಕದಲ್ಲಿ?

ಕಡೆಯದಾಗಿ ಈ ಮೂರು ತಾಲೂಕುಗಳ ಮನೆಗಳಲ್ಲಿ ಬಿದ್ದಿರುವ ಹಳೆಯ ಚೀಟಿಗಳ ವಿಷಯ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲೋ, ದೇವರ ಫೋಟೊದ ಹಿಂದೆಯೋ, ಗೋದ್ರೇಜಿನ ಸೀರೆಗಳ ಅಡಿಯಲ್ಲೋ ಅವು ಇರುತ್ತವೆ. ತಾರೀಕು ದಾಟಿತು, ಇನ್ನು ಹೋದರೆ ಬೈಯುತ್ತಾರೆ ಎಂದು ತೆಗೆಯದೆ ಇಟ್ಟವು. ಈ ಕಾಯಿಲೆ ನಿಧಾನದ್ದು ಎಂಬುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ಒಂದು ವರ್ಷ, ಎರಡು ವರ್ಷ ಹಳೆಯದಾದರೂ ಆ ಚೀಟಿ ಸತ್ತಿಲ್ಲ. ಅದನ್ನು ತೆಗೆದುಕೊಂಡು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋದರೆ ಮತ್ತೊಮ್ಮೆ ಪರೀಕ್ಷೆ ಮಾಡಿ ಮುಂದಿನ ದಾರಿ ಹೇಳುತ್ತಾರೆ. ಚೀಟಿ ಕಳೆದುಹೋಗಿದ್ದರೆ ಶಿಬಿರ ನಡೆದ ಊರು ಮತ್ತು ತಿಂಗಳು ಹೇಳಿದರೂ ಸಾಕು. ಅದೂ ನೆನಪಿಲ್ಲದಿದ್ದರೆ, "ಒಮ್ಮೆ ನೋಡಿದ್ದರು, ಮತ್ತೆ ಬರಲು ಹೇಳಿದ್ದರು" ಎಂಬಷ್ಟು ತುಳುವಿನಲ್ಲೇ ಹೇಳಿದರಾಯಿತು.